ತಿಂಡಿ ಆಯ್ತಾ ಅಜ್ಜಾ?

ದಾವಣಗೆರೆಯ ಒಂದು ಆಸ್ಪತ್ರೆಯ ಮೆಡಿಸಿನ್ ವಾರ್ಡಿನಲ್ಲಿ ನಾನು ಸ್ಟಾಫ್ ನರ್ಸ್. ಬೆಳಿಗ್ಗೆ ಡ್ಯೂಟಿ ಅಂದರೆ ಎಂಟಕ್ಕೆ ಹ್ಯಾಂಡೋವರ್, ಆಮೇಲೆ ಮಾತ್ರೆ ಟ್ರೇ ಹಿಡಿದು ಬೆಡ್ಡಿಂದ ಬೆಡ್ಡಿಗೆ ಓಟ. ಸಕ್ಕರೆ ಕಾಯಿಲೆಯವರಿಗೆ ಮಾತ್ರೆ ಕೊಡುವ ಮುಂಚೆ ತಿಂಡಿ ಆಯ್ತಾ ಅಂತ ಕೇಳಲೇಬೇಕು. ಆವತ್ತೂ ಕೇಳಿದೆ. ಜಗಳೂರು ಕಡೆಯ ಅಜ್ಜ, ಕಾಲಿನ ಗಾಯಕ್ಕೆ ಅಡ್ಮಿಟ್ ಆಗಿದ್ದವರು, "ಹ್ಞೂಂ ಕಣವ್ವ" ಅಂದರು. ಸಕ್ಕರೆ ಇಳಿಸುವ ಗ್ಲಿಮೆಪಿರೈಡ್ ಮಾತ್ರೆ ಕೊಟ್ಟು ಮುಂದೆ ಹೋದೆ.

ಹನ್ನೆರಡೂವರೆ ಹೊತ್ತಿಗೆ ಅವರ ಮಗ ಬಂದ. "ಸಿಸ್ಟರ್, ಅಪ್ಪ ಎಲ್ಲರಿಗೂ ಬೈತಿದಾರೆ. ಯಾವತ್ತೂ ಹಿಂಗೆ ಮಾತಾಡೋರಲ್ಲ." ಪಕ್ಕದ ಬೆಡ್ಡಿನವರು ವಯಸ್ಸಾಯ್ತಲ್ಲ ಬಿಡಿ ಅಂದು ನಕ್ಕರು. ಅಜ್ಜನನ್ನು ನಾನು ನೋಡುತ್ತಿದ್ದದ್ದು ಎರಡು ದಿನದಿಂದ, ಮಗ ಹುಟ್ಟಿದಾಗಿನಿಂದ. ಅವನು ಹೇಳಿದ್ದನ್ನೇ ನಂಬಿದೆ.

ಹೋಗಿ ಮುಟ್ಟಿದರೆ ಕುತ್ತಿಗೆಯೆಲ್ಲ ತಣ್ಣನೆ ಬೆವರು. ಕೈ ನಡುಗುತ್ತಿತ್ತು. ಬಿಪಿ ಮೆಷಿನ್ ಆಮೇಲೆ ಅಂತ ಮೊದಲು ರಕ್ತದ ಸಕ್ಕರೆ ನೋಡುವ ಗ್ಲುಕೋಮೀಟರ್ ತೆಗೆದೆ. 48. ಎಪ್ಪತ್ತಕ್ಕಿಂತ ಕೆಳಗಿಳಿದರೇ ತಡ ಮಾಡುವ ಹಾಗಿಲ್ಲ, ಇದು ಐವತ್ತೂ ಇರಲಿಲ್ಲ.

ಇನ್ನು ತೀರ್ಮಾನ ಮಾಡಬೇಕಿದ್ದದ್ದು ಒಂದೇ: ಬಾಯಿಗೆ ಕೊಡಬಹುದಾ, ನರಕ್ಕೆ ಹಾಕಬೇಕಾ? ಪ್ರಜ್ಞೆ ಸರಿಯಿಲ್ಲದವರ ಬಾಯಿಗೆ ಏನೂ ಹಾಕಬಾರದು, ಶ್ವಾಸಕೋಶಕ್ಕೆ ಇಳಿಯುತ್ತದೆ. ಅಂಥವರಿಗೆ ಡೆಕ್ಸ್‌ಟ್ರೋಸ್, ಅಂದರೆ ಗ್ಲೂಕೋಸ್ ದ್ರಾವಣ, ನರದ ಮೂಲಕವೇ ಹೋಗಬೇಕು. ಅಜ್ಜ ಬೈಯುತ್ತಿದ್ದರಲ್ಲ, ಎಚ್ಚರವಾಗಿಯೇ ಇದ್ದರು! ಒಂದು ಗುಟುಕು ನೀರು ಕೊಟ್ಟು ನೋಡಿದೆ, ಕೆಮ್ಮದೆ ನುಂಗಿದರು. ಮಗ ಆಗಲೇ "ಬೆಣ್ಣೆ ದೋಸೆ ತರ್ತೀನಿ" ಅಂತ ಹೊರಟಿದ್ದ. ತಡೆದೆ. ಜಿಡ್ಡು ಇದ್ದರೆ ಸಕ್ಕರೆ ರಕ್ತಕ್ಕೆ ಸೇರುವುದು ನಿಧಾನ. ಮೂರು ಚಮಚ ಗ್ಲೂಕೋಸ್ ಪುಡಿ, ಸುಮಾರು 15 ಗ್ರಾಂ, ನೀರಿಗೆ ಕಲಸಿ ಲೋಟ ಮುಂದೆ ಹಿಡಿದೆ.

ಅಜ್ಜ ತಳ್ಳಿಬಿಟ್ಟರು. "ಪೂಜೆ ಆಗಿಲ್ಲ, ಕುಡಿಯಲ್ಲ."

ಆಗ ಗೊತ್ತಾಯಿತು. ಶ್ರಾವಣ ಸೋಮವಾರ, ಒಪ್ಪತ್ತು. ಬೆಳಿಗ್ಗೆ ಅವರು ಹ್ಞೂಂ ಅಂದದ್ದು ಬರೀ ಚಹಾಕ್ಕೆ.

ಗದರಿಸಿ ಕುಡಿಸಬಹುದಿತ್ತು. ಆದರೆ ಎರಡನೇ ಸಲವೂ ತಳ್ಳಿದರೆ ಹೊತ್ತು ಹೋಗುತ್ತದೆ. ಅಜ್ಜನ ಹೆಂಡತಿ, ಅಜ್ಜಿಗೆ "ಯವ್ವಾ, ವಿಭೂತಿ ಐತಾ?" ಅಂದೆ. ಚೀಲದಲ್ಲಿತ್ತು. ಅಜ್ಜಿ ಅದನ್ನು ಅಜ್ಜನ ಹಣೆಗೆ ಹಚ್ಚಿ, "ಶಿವನಿಗೆ ನಾನು ಹೇಳ್ತೀನಿ, ಕುಡೀರಿ" ಅಂದರು. ಕುಡಿದರು. ಅರ್ಧ ನಿಮಿಷವೂ ಹಿಡಿಯಲಿಲ್ಲ.

ಅಷ್ಟರಲ್ಲಿ ಡಾಕ್ಟರ್‌ಗೆ ಫೋನ್. ಸುಮ್ನೆ "ಶುಗರ್ ಲೋ ಸರ್" ಅಂದರೆ ಸಾಲದು. ಯಾರು, ಈಗ ಏನಾಗಿದೆ, ಯಾವ ಮಾತ್ರೆ ಎಷ್ಟು ಹೊತ್ತಿಗೆ ಕೊಟ್ಟೆ, ನಾನೇನು ಮಾಡಿದೆ, ನೀವು ಬಂದು ನೋಡಬೇಕು. ಇಷ್ಟನ್ನೂ ಒಂದೇ ಉಸಿರಿಗೆ ಹೇಳುವುದು ರೂಢಿಯಾಗಿದೆ. ಖಾಲಿ ಹೊಟ್ಟೆಗೆ ಮಾತ್ರೆ ಕೊಟ್ಟದ್ದನ್ನೂ ಹೇಳಿದೆ. ಹೇಳುವಾಗ ಗಂಟಲು ಒಣಗಿತ್ತು.

ಹದಿನೈದು ನಿಮಿಷಕ್ಕೆ 63. ಇನ್ನೊಂದು ಲೋಟ. ಮತ್ತೆ ಹದಿನೈದು ನಿಮಿಷಕ್ಕೆ 96. ಅಜ್ಜ ಬೈಗುಳ ನಿಲ್ಲಿಸಿ "ಏನಾಯ್ತವ್ವ?" ಅಂದರು. ಆಮೇಲೆ ಅನ್ನ ಸಾರು. ಈ ಜಾತಿಯ ಮಾತ್ರೆಯ ಗುಣ ಹೊತ್ತುಗಟ್ಟಲೆ ಉಳಿಯುತ್ತದೆ, ಸಕ್ಕರೆ ಮತ್ತೆ ಇಳಿಯಬಹುದು. ಹಾಗಾಗಿ ರಾತ್ರಿಯಿಡೀ ಚೆಕ್ ಮಾಡುವಂತೆ ಡಾಕ್ಟರ್ ಬರೆದರು.

ಮರುದಿನ ನಾನು, ಡಾಕ್ಟರ್, ಅಜ್ಜಿ ಮೂರೂ ಜನ ಅಜ್ಜನ ಹತ್ತಿರ ಕೂತೆವು. ಉಪವಾಸ ಬಿಡಿ ಅಂತ ಯಾರೂ ಹೇಳಲಿಲ್ಲ. ಹೇಳಿದ್ದರೆ ಮನೆಗೆ ಹೋಗಿ ನಮಗೆ ತಿಳಿಯದಂತೆ ಮಾಡುತ್ತಿದ್ದರು ಅಷ್ಟೇ. ಬೆಳಿಗ್ಗೆ ಹಾಲು ಹಣ್ಣಿಗೆ ದೋಷವಿಲ್ಲ ಅಂತ ಅಜ್ಜಿಯೇ ತೀರ್ಪು ಕೊಟ್ಟರು. ಡಾಕ್ಟರ್ ಸೋಮವಾರದ ಮಾತ್ರೆಯ ಡೋಸ್ ಇಳಿಸಿ ಸಂಜೆ ಊಟಕ್ಕೆ ಹಾಕಿದರು.

ಈಗ ನಾನು ಕೇಳುವುದು "ಏನು ತಿಂದ್ರಿ, ಎಷ್ಟು ತಿಂದ್ರಿ?" ಅಂತ. ಇದಕ್ಕೆ ಬರೀ ಹ್ಞೂಂ ಅನ್ನೋಕೆ ಬರಲ್ಲ ಅಲ್ವಾ? ಡಿಸ್ಚಾರ್ಜ್ ದಿನ ನಾನು ಬಾಯಿ ತೆಗೆಯುವ ಮುಂಚೆಯೇ ಅಜ್ಜ, "ಎರಡು ಇಡ್ಲಿ, ಒಂದು ವಡೆ" ಅಂದರು. ವಡೆಯನ್ನು ಮಗ ಕದ್ದು ತಂದಿದ್ದನಂತೆ.