ಪಕ್ಕದ ಗಾಡಿ ಲೇನ್ ಬದಲಿಸುತ್ತೆ ಅಂತ ಮೊದಲೇ ತಿಳಿಯುವುದು ಹೇಗೆ?

ನಾನು ಏರ್‌ಪೋರ್ಟ್ ಕ್ಯಾಬ್ ಓಡಿಸುತ್ತೇನೆ. ದಿನಾ ಹೆಬ್ಬಾಳ ದಾಟಬೇಕು. ಅಲ್ಲಿ ಇಂಡಿಕೇಟರ್ ಒಂದನ್ನೇ ನಂಬಿ ಕೂತರೆ ಆಗಲ್ಲ. ಎಷ್ಟೋ ಜನ ಹಾಕುವುದೇ ಇಲ್ಲ.

ಮುಂಚಕ್ರ ನೋಡಿ. ಸ್ಟಾಪಿನಿಂದ ಹೊರಡುವ ಬಿಎಂಟಿಸಿ ಬಸ್ಸನ್ನೇ ಗಮನಿಸಿ. ಬ್ರೇಕ್ ಲೈಟ್ ಆರುತ್ತದೆ, ಮುಂದಿನ ಚಕ್ರ ಬಲಕ್ಕೆ ತಿರುಗುತ್ತದೆ, ಆಮೇಲೆ ಬಸ್ಸಿನ ಮೂತಿ ನಿಮ್ಮ ಲೇನಿಗೆ ಬರುತ್ತದೆ. ಚಕ್ರ ತಿರುಗಿದ್ದು ಕಂಡ ಕೂಡಲೇ ಆಕ್ಸಿಲರೇಟರ್‌ನಿಂದ ಕಾಲು ತೆಗೆಯಿರಿ. ವೇಗದಲ್ಲಿರುವ ಕಾರಿನ ಚಕ್ರ ಇಷ್ಟು ತಿರುಗಲ್ಲ. ಆಗ ಟೈರಿಗೂ ಬಿಳಿ ಗೆರೆಗೂ ನಡುವಿನ ಜಾಗ ನೋಡಿ. ಅದು ಕಮ್ಮಿ ಆಗ್ತಾ ಬಂದರೆ ಅವರು ಬರ್ತಾರೆ ಅಂತಲೇ ಲೆಕ್ಕ.

ಇದಕ್ಕಿಂತ ಮುಖ್ಯ, ಅವರ ಮುಂದೆ ಏನಿದೆ ಅಂತ ನೋಡುವುದು. ಸುಮ್ನೆ ಯಾರೂ ಲೇನ್ ಬಿಡಲ್ಲ, ಅಲ್ವಾ? ಎಡ ಲೇನಿನಲ್ಲಿ ಲಾರಿ ತೆವಳುತ್ತಿದ್ದು, ಹಿಂದಿನ ಕಾರು ಅದಕ್ಕೆ ಹತ್ತಿರವಾಗುತ್ತಿದ್ದರೂ ವೇಗ ಇಳಿಸದಿದ್ದರೆ, ಅದು ಬಲಕ್ಕೆ ಬಂದೇ ಬರುತ್ತದೆ. ಖಾಲಿ ಆಟೋ ಕಂಡರೆ ಫುಟ್‌ಪಾತ್ ಕಡೆಗೂ ಒಂದು ಕಣ್ಣಿಡಿ. ಅಲ್ಲಿ ಯಾರಾದರೂ ಕೈ ಎತ್ತಿದರೆ ಆಟೋ ಎಡಕ್ಕೆ ಎಳೆಯುತ್ತದೆ. ಬೈಕಾದರೆ ಸವಾರರ ಹೆಲ್ಮೆಟ್ ಯಾವ ಕಡೆ ತಿರುಗಿತು ನೋಡಿ.

ಇದನ್ನೆಲ್ಲ ನೋಡೋಕೆ ಜಾಗ ಬೇಕು. 60 ಕಿ.ಮೀ. ವೇಗದಲ್ಲಿ ಗಾಡಿ ಸೆಕೆಂಡಿಗೆ ಸುಮಾರು 17 ಮೀಟರ್ ಓಡುತ್ತದೆ. ಮೂರು ಸೆಕೆಂಡಿನ ಅಂತರ ಅಂದರೆ 50 ಮೀಟರ್. ಏರ್‌ಪೋರ್ಟ್ ರಸ್ತೆಯಲ್ಲಿ ಅಷ್ಟು ಬಿಡಿ, ಯಾರಾದರೂ ನುಗ್ಗಿದರೆ ಮತ್ತೆ ಹಿಂದೆ ಸರಿಯಿರಿ. ಲಾರಿ ಪಕ್ಕದಲ್ಲಂತೂ ನಿಧಾನಿಸಲೇಬೇಡಿ. ಅದರ ಕನ್ನಡಿಯಲ್ಲಿ ಡ್ರೈವರ್ ಮುಖ ನಿಮಗೆ ಕಾಣದಿದ್ದರೆ, ಅವರಿಗೂ ನೀವು ಕಾಣಲ್ಲ.