ಕಕ್ಕಡ ದಾಟಿದ ಮಿಸ್ಟೇರ್ ಮಾಡೆಲ್: ನನ್ನ ಅನುಭವ

ಕೊಡಗಿನ ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆಗೆ ಯಾವ ವಿಮಾನದ ಮಾಡೆಲೂ ಹೊರಗೆ ಬಾಳುವುದಿಲ್ಲ, ಗಾಜಿನ ಪೆಟ್ಟಿಗೆಯಲ್ಲಿಡಿ ಎಂದವರೇ ಹೆಚ್ಚು. ಶಾಲೆಯ ಜಗಲಿಯಲ್ಲಿ ತೂಗುಹಾಕಿದ ವಾಯುಪಡೆಯ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯನವರ ಮಿಸ್ಟೇರ್ ಯುದ್ಧವಿಮಾನದ ಮಾಡೆಲ್ ಎರಡು ಮಳೆಗಾಲ ಕಂಡಿದೆ. ಬಣ್ಣ ಚೂರೂ ಎದ್ದಿಲ್ಲ.

ಅಳತೆ 1:20. ಮಿಸ್ಟೇರ್ ಉದ್ದ ಸುಮಾರು 64 ಸೆಂ.ಮೀ., ರೆಕ್ಕೆಯ ತುದಿಯಿಂದ ತುದಿಗೆ 55. ಎದುರಾಳಿ ಪಾಕಿಸ್ತಾನದ ಸ್ಟಾರ್‌ಫೈಟರ್ ವಿಮಾನದ ಉದ್ದ 83, ರೆಕ್ಕೆ ಬರೀ 33. ಎರಡೂ ಒಂದೇ ಅಳತೆಯಲ್ಲೇ ಇರಬೇಕು. 1965ರ ಸೆಪ್ಟೆಂಬರ್ 7ರ ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಯ ದಿನ, ಶಬ್ದದ ಎರಡು ಪಟ್ಟು ವೇಗದ ಆ ವಿಮಾನದಿಂದ ಪೆಟ್ಟು ತಿಂದ ಮೇಲೂ ದೇವಯ್ಯನವರು ತಿರುಗಿಬಿದ್ದು ಅದನ್ನು ಕೆಡವಿದರು. ಮೋಟು ರೆಕ್ಕೆಗೆ ಬಿಗಿ ತಿರುವು ಒಗ್ಗದು. ಆದರೆ ಓಡಿದರೆ ಹಿಡಿಯಲಾಗದು, ಅಟ್ಟಿಸಿಕೊಂಡು ಬಂದರೆ ತಪ್ಪಿಸಿಕೊಳ್ಳಲಾಗದು. ಆ ಎದೆಗಾರಿಕೆ ಮಕ್ಕಳಿಗೆ ಕಾಣುವುದು 33ರ ಪಕ್ಕ 55 ತೂಗಿದಾಗಲೇ.

ಥರ್ಮಾಕೋಲ್ ಸ್ಪ್ರೇ ಪೇಂಟಿಗೇ ಕರಗಿತು. ಪ್ಲೈವುಡ್ಡಿನ ಪದರ ಬಿಟ್ಟಿತು. ಬಾಲ್ಸಾ ಮರದ ದುಡ್ಡಂತೂ ನೀರಲ್ಲಿ ಹೋಮ. ಕೊನೆಗೆ ನಿಂತದ್ದು 75 ಮಿ.ಮೀ. ಪಿವಿಸಿ ಪೈಪ್. ಮೂತಿಯನ್ನು ಹಾಟ್ ಏರ್ ಗನ್ನಿನಲ್ಲಿ ಮೆತ್ತಗೆ ಮಾಡಿ, ಎರಡು ಹಲಗೆ ನಡುವೆ ಒತ್ತಿ ಮೊಟ್ಟೆಯಾಕಾರಕ್ಕೆ ತನ್ನಿ. ಪೂರ್ತಿ ಆರುವ ಮೊದಲು ಬಿಟ್ಟರೆ ಮತ್ತೆ ದುಂಡಗಾಗುತ್ತದೆ. ರೆಕ್ಕೆಗೆ ಬೋರ್ಡ್ ಅಂಗಡಿಯ 3 ಮಿ.ಮೀ. ಎಸಿಪಿ (ಅಲ್ಯೂಮಿನಿಯಂ ಹೊದಿಸಿದ ಪ್ಲಾಸ್ಟಿಕ್ ಹಾಳೆ) ತುಂಡು, ಸುಮಾರು 40 ಡಿಗ್ರಿ ಹಿಂದಕ್ಕೆ ಬಾಗಿದ ಆಕಾರದಲ್ಲಿ, ಎರಡೂ ಬದಿ ಸೇರಿ ಒಂದೇ ತುಂಡಾಗಿ ಕತ್ತರಿಸಿ. ಬಿಡಿ ರೆಕ್ಕೆ ಅಂಟಿಸಿದರೆ ಗಾಳಿಗೆ ಬುಡದಲ್ಲೇ ಕೀಳುತ್ತದೆ. ಪೈಪನ್ನು ಬಾಲದ ಕಡೆಯಿಂದ ಸೀಳಿ ರೆಕ್ಕೆಯನ್ನು ಮುಂದಕ್ಕೆ ತೂರಿಸಿ, ಸೀಳನ್ನು ಎಂ-ಸೀಲ್‌ನಿಂದ ಮುಚ್ಚಿ.

220ರ ಸ್ಯಾಂಡ್ ಪೇಪರ್ ಉಜ್ಜದೆ ಪ್ರೈಮರ್ ಹಿಡಿಯದು. ತೇವದ ದಿನ ಸಿಲ್ವರ್ ಬಣ್ಣ ಹೊಡೆದರೆ ಬೂದಿಯಂತೆ ಬಿಳುಚುತ್ತದೆ; 60 ವ್ಯಾಟ್ ಬಲ್ಬ್ ಉರಿಸಿದ ರಟ್ಟಿನ ಪೆಟ್ಟಿಗೆಯಲ್ಲಿ ರಾತ್ರಿಯಿಡೀ ಒಣಗಿಸಿ. ಕೊನೆಯ ಕೋಟಿನಲ್ಲಿ ಬೆರೆಸುವುದೇನು ಎಂಬುದು ನನ್ನಲ್ಲೇ ಇರಲಿ.

ಫಿರಂಗಿ ಬಾಯಿಗೆ ಎಲ್ಇಡಿ ಇಟ್ಟು ನೋಡಿದೆ. ತೇವಕ್ಕೆ ಬ್ಯಾಟರಿ ತುದಿ ಹಸಿರುಗಟ್ಟಿತು. ತೂಗಲು ಒಂದೇ ತಂತಿ ಬೇಡ, ವಿಮಾನ ಗಿರಗಿರ ಸುತ್ತುತ್ತದೆ. ಮೂರು ಸ್ಟೇನ್‌ಲೆಸ್ ತಂತಿ ಹಾಕಿ, ಮಿಸ್ಟೇರನ್ನು ಸ್ಟಾರ್‌ಫೈಟರ್‌ನ ಹಿಂದೆ ತೂಗಿ, ತಿರುವಿನ ಒಳಬದಿಗೆ ವಾಲಿಸಿ.

ಎರಡಕ್ಕೂ ಸೇರಿ ಮೂರು ಸಾವಿರದೊಳಗೆ ಮುಗಿಯಿತು; ಫೈಬರ್ ಮಾಡೆಲ್ ಮಾಡುವವರು ಕೇಳಿದ್ದು ಇಪ್ಪತ್ತು ಸಾವಿರದ ಹತ್ತಿರ. ಫಲಕದಲ್ಲಿ ಮಹಾವೀರ ಚಕ್ರ ಎಂದಷ್ಟೇ ಬರೆಯಬೇಡಿ, 1988 ಎಂದೂ ಬರೆಯಿರಿ. ಬರಲು 23 ವರ್ಷ ಹಿಡಿದದ್ದು ಮಕ್ಕಳಿಗೆ ಗೊತ್ತಿರಬೇಕು.