ಆಮದು ಸುದ್ದಿ ಬಂದಾಗ ಅಡಿಕೆ, ಕಾಳುಮೆಣಸಿನ ಲೆಕ್ಕ ಹಾಕುವುದು ಹೇಗೆ?

‘ವಿದೇಶಿ ಅಡಿಕೆ ಬಂತಂತೆ’ ಎಂದು ಯಾರೋ ವಾಟ್ಸ್‌ಆ್ಯಪ್‌ನಲ್ಲಿ ಹಾಕಿದರೆ ಸಾಕು, ಶಿವಮೊಗ್ಗದಿಂದ ತೀರ್ಥಹಳ್ಳಿವರೆಗೆ ದಿನವಿಡೀ ಅದೇ ಮಾತು. ಗಾಬರಿಯಲ್ಲಿ ಮಾಲು ಬಿಡುವ ಮೊದಲು ಒಂದು ಪೆನ್ನು, ಕಾಗದ ತಗೊಂಡು ಕೂತುಕೊಳ್ಳಿ.

ಮೊದಲು, ಸರ್ಕಾರ ಹಾಕಿರುವ ಬೇಲಿ ಎಷ್ಟು ಎತ್ತರ ಇದೆ ನೋಡಿ. ಅಡಿಕೆಯ ಕನಿಷ್ಠ ಆಮದು ಬೆಲೆಯನ್ನು 2023ರ ಫೆಬ್ರವರಿಯಲ್ಲಿ ಕೆ.ಜಿ.ಗೆ 251 ರೂಪಾಯಿಯಿಂದ 351ಕ್ಕೆ ಏರಿಸಿದರು. ಸಾಗಣೆ, ವಿಮೆ ಸೇರಿ ನಮ್ಮ ಬಂದರಿಗೆ ಬರುವ ಹೊತ್ತಿಗೆ ಇದಕ್ಕಿಂತ ಅಗ್ಗದ ಮಾಲಾದರೆ ಒಳಗೆ ಬಿಡುವುದಿಲ್ಲ. ಅಂದರೆ ಕ್ವಿಂಟಲ್‌ಗೆ 35,100. ಅದರ ಮೇಲೆ ಶೇ 100 ಸುಂಕ ಕೂಡಿಸಿ: 70,200. ಮಂಡಿಯಲ್ಲಿ ರಾಶಿ (ಕೆಂಪಡಿಕೆಯ ಒಂದು ದರ್ಜೆ) ಧಾರಣೆ 50 ಸಾವಿರದ ಆಸುಪಾಸು ಇದ್ದರೆ, ಸುಂಕ ಕಟ್ಟಿ ತಂದವನಿಗೆ ನಷ್ಟವೇ ಅಲ್ವಾ?

ಹಾಗಾದರೆ ಮಾಲು ಎಲ್ಲಿಂದ ನುಗ್ಗುತ್ತದೆ? ಬೇಲಿಯಲ್ಲಿ ಗೇಟುಗಳಿವೆ. ಶ್ರೀಲಂಕಾ ಜೊತೆಗಿನ ವ್ಯಾಪಾರ ಒಪ್ಪಂದ 2000ದಿಂದ ಜಾರಿಯಲ್ಲಿದೆ. ಅಲ್ಲಿ ಬೆಳೆದದ್ದಕ್ಕೆ ಸುಂಕದಲ್ಲಿ ರಿಯಾಯಿತಿ. ಬೇರೆ ದೇಶದ ಅಡಿಕೆಗೆ ‘ಶ್ರೀಲಂಕಾದಲ್ಲೇ ಬೆಳೆದದ್ದು’ ಎಂಬ ಸುಳ್ಳು ಪ್ರಮಾಣಪತ್ರ ಅಂಟಿಸುವುದು ಹಳೇ ಆಟ. ಅದಕ್ಕೇ 2020ರ ಸೆಪ್ಟೆಂಬರ್‌ನಿಂದ ನಿಯಮ ಬಿಗಿಯಾಯಿತು. ಪತ್ರ ತೋರಿಸಿದರೆ ಸಾಲದು, ಮಾಲಿನ ಮೂಲದ ವಿವರವನ್ನು ತರಿಸುವವನೇ ಇಟ್ಟುಕೊಂಡಿರಬೇಕು. ಕಳ್ಳದಾರಿಯ ಸುದ್ದಿಗೆ ತಲೆ ಕೆಡಿಸಿಕೊಳ್ಳಿ, ತಪ್ಪಿಲ್ಲ.

ಆದರೆ ಪ್ರಮಾಣ ನೋಡದೆ ಹೆದರಬೇಡಿ. 2022ರಲ್ಲಿ ಭೂತಾನ್‌ನಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆಗೆ ಕನಿಷ್ಠ ಬೆಲೆಯ ಷರತ್ತಿಲ್ಲದೆ ಅನುಮತಿ ಕೊಟ್ಟಾಗ ದೊಡ್ಡ ಗಲಾಟೆಯಾಯಿತು. ದೇಶದ ಬೆಳೆ 10 ಲಕ್ಷ ಟನ್ ಮೀರುತ್ತದೆ. ಹಸಿ ಅಡಿಕೆ ಸುಲಿದು ಒಣಗಿಸಿದ ಮೇಲೆ ಅದರಲ್ಲೂ ಸ್ವಲ್ಪವೇ ಉಳಿಯುತ್ತದೆ ಅನ್ನೋದು ನಿಮಗೇ ಗೊತ್ತು.

ಇನ್ನು ಕಾಳುಮೆಣಸು. 2017ರ ಡಿಸೆಂಬರ್‌ನಲ್ಲಿ ಇದಕ್ಕೂ ಕೆ.ಜಿ.ಗೆ 500 ರೂಪಾಯಿಯ ಕನಿಷ್ಠ ಬೆಲೆ ಬಂತು. ಇಲ್ಲಿನ ಧಾರಣೆ 600 ದಾಟಿದಾಗ, ರಿಯಾಯಿತಿ ಸುಂಕದಲ್ಲಿ ತರುವವನಿಗೆ ಈ ಬೇಲಿ ಇದ್ದೂ ಇಲ್ಲದ ಹಾಗೆ. ಹೊರಗಿನ ಬೆಲೆ ಬಿದ್ದಾಗ ಬಿಲ್‌ನಲ್ಲಿ ಸುಮ್ನೆ 500 ಅಂತ ಬರೆಸಿ ತರುವ ದಾರಿಯೂ ಇದೆ. ಸರ್ಕಾರದ ಬೇಲಿ ನಮಗೆ ಸಮಯ ಕೊಡುತ್ತದೆ. ಅಷ್ಟೇ.

ಆ ಸಮಯದಲ್ಲಿ ಏನು ಮಾಡಬಹುದು? ವಿಯೆಟ್ನಾಂನವರು ಕಂಬಕ್ಕೆ ಮೆಣಸಿನ ಬಳ್ಳಿ ಹಬ್ಬಿಸಿ ಎಕರೆಗೆ ನಮ್ಮ ಹಲವು ಪಟ್ಟು ಬೆಳೆಯುತ್ತಾರೆ. ಇಳುವರಿಯಲ್ಲಿ ಅವರನ್ನು ಹಿಡಿಯುವುದು ಕಷ್ಟ. ನಮ್ಮ ಬಳ್ಳಿ ಅಡಿಕೆ ಮರದ ಮೇಲಿದೆ, ನೀರು ಗೊಬ್ಬರದ ಖರ್ಚು ಎರಡು ಬೆಳೆಗೂ ಹಂಚಿಹೋಗುತ್ತದೆ. ಉಳಿದದ್ದು ಗುಣಮಟ್ಟ. ಗೊಂಚಲಲ್ಲಿ ಒಂದೆರಡು ಕಾಳು ಕೆಂಪಾದ ಮೇಲೇ ಕೊಯ್ಯಿರಿ. ಕಾಳು ಬಿಡಿಸಿ, ಬಿದಿರು ಬುಟ್ಟಿಯಲ್ಲಿ ಹಾಕಿ, ಕುದಿಯುವ ನೀರಿನಲ್ಲಿ ಒಂದು ನಿಮಿಷ ಅದ್ದಿ ತೆಗೆಯಿರಿ. ಜಾಸ್ತಿ ಹೊತ್ತು ಬೇಡ. ಬೇಗ ಒಣಗುತ್ತದೆ, ಬಣ್ಣ ಒಂದೇ ಸಮ ಕಪ್ಪಾಗುತ್ತದೆ. ಮಣ್ಣಿನ ಮೇಲೆ ಹರಡಬೇಡಿ. ತಾಡಪಾಲು ಅಥವಾ ಸಿಮೆಂಟ್ ಕಣವೇ ಆಗಬೇಕು. ಜೊಳ್ಳು ತೂರಿ ತೆಗೆದು, ಒಂದು ಲೀಟರ್ ಅಳತೆಗೆ ಎಷ್ಟು ಗ್ರಾಂ ತೂಗುತ್ತದೆ ನೋಡಿ. 550 ಬಂದರೆ ಒಳ್ಳೇ ಮಾಲು. ಆ ತೂಕವನ್ನು ಎರಡು ಮೂರು ಕಡೆ ಹೇಳಿ, ಧಾರಣೆ ಕೇಳಿಕೊಂಡೇ ಚೀಲ ಹೊಲಿಯಿರಿ.